ಒಂದು ಕಂಪನಿಯ ಗುಲಾಬಿ ಶೇಡ್ ಇನ್ನೊಂದು ಕಂಪನಿಯ ಪೇಂಟಿನಲ್ಲಿ ಮಾಡಿಸುವುದು ಹೇಗೆ?

ಪ್ರಶ್ನೆ: ಕೋಣೆಯ ಮೂರು ಗೋಡೆಗೆ ಎರಡು ವರ್ಷದ ಹಿಂದೆ ತಿಳಿ ಗುಲಾಬಿ ಎಮಲ್ಷನ್ ಹೊಡೆಸಿದ್ದೆವು. ಈಗ ನಾಲ್ಕನೇ ಗೋಡೆಗೂ ಅದೇ ಬಣ್ಣ ಬೇಕು, ಆದರೆ ಆ ಕಂಪನಿಯ ಪೇಂಟ್ ಸಿಗುತ್ತಿಲ್ಲ. ಶೇಡ್ ಕೋಡ್ ಇದೆ. ಇನ್ನೊಂದು ಕಂಪನಿಯ ಅಂಗಡಿಯವರು ಅದೇ ಕೋಡ್ ಕಂಪ್ಯೂಟರಿಗೆ ಹಾಕಿ ಮಾಡಿಕೊಡುತ್ತೇವೆ ಅನ್ನುತ್ತಾರೆ. ನಂಬಬಹುದಾ?

ಉತ್ತರ (ಪೇಂಟಿಂಗ್ ಗುತ್ತಿಗೆದಾರರು): ಬರೀ ಕೋಡ್ ನೆಚ್ಚಿಕೊಂಡು ಇಡೀ ಗೋಡೆಗಾಗುವಷ್ಟು ತರಬೇಡಿ. ಕೋಡ್ ಅಂದರೆ ಆ ಕಂಪನಿಯ ಬೇಸಿಗೆ (ಬಣ್ಣ ಬೆರೆಸುವ ಮೊದಲಿನ ಪೇಂಟ್) ಆ ಕಂಪನಿಯ ಟಿಂಟರ್ (ಬೆರೆಸುವ ಬಣ್ಣದ ದ್ರವ) ಎಷ್ಟೆಷ್ಟು ಬೀಳಬೇಕು ಅನ್ನುವ ಲೆಕ್ಕ. ಬೇಸಿನಲ್ಲಿರುವ ಬಿಳಿ ಪಿಗ್ಮೆಂಟಿನ (ಬಣ್ಣ ಕೊಡುವ ಪುಡಿ) ಪ್ರಮಾಣವೂ ಕೆಂಪು ಟಿಂಟರಿನ ಜಾತಿಯೂ ಕಂಪನಿಯಿಂದ ಕಂಪನಿಗೆ ಬೇರೆ. ತಿಳಿ ಗುಲಾಬಿಗೆ ಕೆಂಪು ಬೀಳುವುದೇ ಕೆಲವು ಹನಿ. ಅದರಲ್ಲಿ ಸ್ವಲ್ಪ ಏರುಪೇರಾದರೂ ಒಂದು ಗೋಡೆ ಪೀಚ್ ಕಡೆಗೆ, ಇನ್ನೊಂದು ನೇರಳೆ ಕಡೆಗೆ ವಾಲಿದ ಹಾಗೆ ಕಾಣುತ್ತದೆ.

ಕೋಡಿನ ಬದಲು ಗೋಡೆಯ ತುಣುಕನ್ನೇ ಒಯ್ಯಿರಿ. ಎಲ್ಲಿಂದ ತೆಗೆಯುತ್ತೀರಿ ಅನ್ನುವುದು ಮುಖ್ಯ. ಸ್ವಿಚ್ ಬೋರ್ಡ್ ಹಿಂದಿನ ಬಣ್ಣ ಮಾಸಿರುವುದಿಲ್ಲ, ಹಾಗಾಗಿ ನಾಲ್ಕೂ ಗೋಡೆ ಹೊಸದಾಗಿ ಹೊಡೆಸುವವರಿಗೆ ಅದು ಸರಿ. ನಿಮಗೆ ಹೊಸ ಗೋಡೆ ಹಳೆಯದರ ಪಕ್ಕಕ್ಕೇ ಬರುವುದರಿಂದ, ಅವೆರಡೂ ಸೇರುವ ಮೂಲೆಯ ಹತ್ತಿರದ, ಬೆಳಕು ಬಿದ್ದು ಈಗಿರುವ ಬಣ್ಣವೇ ಬೇಕು. ಮೊದಲು ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ, ಒಣಗಿದ ಮೇಲೆ ಬ್ಲೇಡಿನಿಂದ ಮೂರು ಸೆಂಟಿಮೀಟರ್ ಚೌಕವನ್ನು ಪುಟ್ಟಿ ಸಮೇತ ಚಪ್ಪಟೆಯಾಗಿ ಎಬ್ಬಿಸಿ. ಮುದುರಿದರೆ ಅಂಗಡಿಯ ಬಣ್ಣ ಅಳೆಯುವ ಮಷೀನಿನ ಓದು ತಪ್ಪುತ್ತದೆ. ಮೊಬೈಲ್ ಫೋಟೋ ಒಯ್ಯಲೇಬೇಡಿ. ಕ್ಯಾಮೆರಾ ಪ್ರತಿ ಬೆಳಕಿಗೂ ಬಿಳಿಯನ್ನು ತಾನೇ ಸರಿಪಡಿಸಿಕೊಳ್ಳುತ್ತದೆ, ಗುಲಾಬಿ ಅದರಲ್ಲೇ ಹಾಳಾಗುವುದು.

ಅಂಗಡಿಯಲ್ಲಿ ಸ್ಪೆಕ್ಟ್ರೋಫೋಟೋಮೀಟರ್ (ಬಣ್ಣ ಅಳೆಯುವ ಮಷೀನ್) ಇದ್ದರೆ ತುಣುಕನ್ನು ಮೂರು ಜಾಗದಲ್ಲಿ ಓದಿಸಿ ಸರಾಸರಿ ತೆಗೆಯಲು ಹೇಳಿ. ಸ್ಕ್ರೀನಿನಲ್ಲಿ ಡೆಲ್ಟಾ ಇ ಅನ್ನುವ ಅಂಕಿ ಬರುತ್ತದೆ, ತುಣುಕಿಗೂ ಹೊಸ ಬಣ್ಣಕ್ಕೂ ಎಷ್ಟು ವ್ಯತ್ಯಾಸ ಅಂತ. 1ಕ್ಕಿಂತ ಕಡಿಮೆ ಇದ್ದರೆ ಕಣ್ಣಿಗೆ ಗೊತ್ತಾಗುವುದು ಕಷ್ಟ. 2 ದಾಟಿದರೆ ಅಕ್ಕಪಕ್ಕದ ಗೋಡೆಯಲ್ಲಿ ಗೊತ್ತಾಗಬಹುದು, ಬೇರೆ ಸೂತ್ರ (ಟಿಂಟರುಗಳ ಬೇರೆ ಲೆಕ್ಕ) ಕೇಳಿ.

ಪ್ರಶ್ನೆ: ಹಾಗೇ ಮಾಡಿಸಿದೆ ಸರ್. ಅಂಗಡಿಯಲ್ಲಿ ಸ್ಯಾಂಪಲ್ ಸರಿಯಾಗಿಯೇ ಕಂಡಿತು. ಮನೆಯಲ್ಲಿ ರಾತ್ರಿ ಹಳದಿ ಬಲ್ಬಿನ ಕೆಳಗೆ ಪೀಚ್ ಆಗಿದೆ!

ಉತ್ತರ (ಟಿಂಟಿಂಗ್ ಮಷೀನ್ ನೋಡಿಕೊಳ್ಳುವವರು): ಇದಕ್ಕೆ ಮೆಟಾಮೆರಿಸಂ ಅಂತಾರೆ. ಎರಡು ಬಣ್ಣ ಒಂದು ಬೆಳಕಿನಲ್ಲಿ ಒಂದೇ ಆಗಿ, ಇನ್ನೊಂದರಲ್ಲಿ ಬೇರೆಬೇರೆಯಾಗಿ ಕಾಣುವುದು. ಗುಲಾಬಿಯನ್ನು ನೀಲಿ ಛಾಯೆಯ ಕ್ವಿನಾಕ್ರಿಡೋನ್ ಮಜಂತಾ ಅನ್ನುವ ಪಿಗ್ಮೆಂಟಿನಿಂದಲೂ ಮಾಡಬಹುದು, ಇಟ್ಟಿಗೆ ಬಣ್ಣದ ಐರನ್ ಆಕ್ಸೈಡ್ ಕೆಂಪಿಗೆ ಚೂರು ನೇರಳೆ ಸೇರಿಸಿಯೂ ಮಾಡಬಹುದು. ಹಗಲು ಬೆಳಕಿನಲ್ಲಿ ಎರಡೂ ಹೊಂದಿದರೂ 2700 ಕೆಲ್ವಿನ್ನಿನ ಹಳದಿ ಬಲ್ಬಿನಲ್ಲಿ ಬೇರೆಯಾಗಬಹುದು. ಮಷೀನ್ ಸಾಫ್ಟ್‌ವೇರ್ ಸಾಮಾನ್ಯವಾಗಿ ಒಂದೇ ತುಣುಕಿಗೆ ಹಲವು ಸೂತ್ರ ತೋರಿಸುತ್ತದೆ. ಡೆಲ್ಟಾ ಇ ಕಡಿಮೆ ಇರುವುದನ್ನು ಮಾತ್ರ ಅಲ್ಲ, ಹಗಲು ಮತ್ತು ಬಲ್ಬು ಎರಡೂ ಬೆಳಕಿಗೆ ಹೊಂದುವ ಸೂತ್ರವನ್ನು ಆರಿಸಲು ಹೇಳಿ.

ಸ್ಯಾಂಪಲ್ ಪರೀಕ್ಷೆಯನ್ನು ಗೋಡೆ ಮೇಲೆ ಮಾಡಬೇಡಿ. ಎ4 ಅಳತೆಯ ದಪ್ಪ ಬಿಳಿ ಕಾರ್ಡಿಗೆ ರೋಲರಿನಲ್ಲಿ ಎರಡು ಕೋಟ್ ಹೊಡೆದು, ನಡುವೆ ನಾಲ್ಕು ಗಂಟೆ, ಕೊನೆಗೆ ಒಂದು ದಿನ ಒಣಗಲು ಬಿಡಿ. ಎಮಲ್ಷನ್ ಹಸಿಯಾಗಿದ್ದಾಗ ಹಾಲು ಹಾಲಾಗಿ ತಿಳಿಯಾಗಿರುತ್ತದೆ, ಒಣಗಿದರೆ ಗಾಢವಾಗುತ್ತದೆ. ಹಸಿ ಬಣ್ಣ ನೋಡಿ ತೀರ್ಮಾನ ಮಾಡಿದವರೇ ಹೆಚ್ಚು ಮೋಸ ಹೋಗುವುದು. ಆಮೇಲೆ ಆ ಕಾರ್ಡನ್ನು ಹಳೆ ಗೋಡೆಗೆ ಅಂಚು ತಾಗಿಸಿ ಹಿಡಿದು ಬೆಳಿಗ್ಗೆ, ಸಂಜೆ, ರಾತ್ರಿ ನೋಡಿ.

ಪ್ರಶ್ನೆ: ತಂದ ಪೇಂಟಿಗೇ ಮನೆಯಲ್ಲಿ ಸ್ಟೈನರ್ (ಬಾಟಲಿಯಲ್ಲಿ ಸಿಗುವ ಬಣ್ಣದ ದ್ರವ) ಹಾಕಿ ಸರಿ ಮಾಡಿಕೊಳ್ಳಬಹುದಾ?

ಉತ್ತರ (ಟಿಂಟಿಂಗ್ ಮಷೀನ್ ನೋಡಿಕೊಳ್ಳುವವರು): ಬಣ್ಣ ಬೇಕಾದ್ದಕ್ಕಿಂತ ತಿಳಿಯಾಗಿದ್ದರೆ ಮಾತ್ರ. ಪೀಚ್ ಆಗಿದ್ದರೆ ಮಜಂತಾ, ನೇರಳೆಗೆ ವಾಲಿದ್ದರೆ ಹಳದಿ ಆಕ್ಸೈಡ್, ಕಣ್ಣಿಗೆ ಹೊಡೆಯುವಷ್ಟು ಎದ್ದುಕಾಣುವ ಗುಲಾಬಿಯಾಗಿದ್ದರೆ ಹಸಿರಿನ ಒಂದು ತೊಟ್ಟು. 200 ಮಿಲಿ ಬೇರೆ ತೆಗೆದು ಅದರಲ್ಲೇ ಪ್ರಯತ್ನಿಸಿ, ಸಿರಿಂಜಿನಲ್ಲಿ ಅಳೆದು ಹಾಕಿ, ಬರೆದಿಟ್ಟುಕೊಳ್ಳಿ. ಗಾಢವಾದದ್ದನ್ನು ಬಿಳಿ ಹಾಕಿ ಇಳಿಸಲು ಹೋಗಬೇಡಿ, ಪೇಂಟ್ ಸುಮ್ಮನೆ ಬೆಳೆಯುತ್ತದೆ, ಜೊತೆಗೆ ಬಿಳಿ ಸೇರಿದಷ್ಟೂ ಕೆಂಪು ನೀಲಿ ಕಡೆಗೆ ತಿರುಗುತ್ತದೆ. ಬಾಟಲಿಯ ಮೇಲೆ ಬರೆದ ಮಿತಿ ಮೀರಿ ಸ್ಟೈನರ್ ಹಾಕಿದರೆ ಒಣಗಿದ ಮೇಲೂ ಉಜ್ಜಿದಾಗ ಕೈಗೆ ಬಣ್ಣ ಬರುತ್ತದೆ.

ಇನ್ನೊಂದು ಮಾತು: ಒಂದು ಲೀಟರಿಗಿಂತ ನಾಲ್ಕು ಲೀಟರ್ ಡಬ್ಬ ಮಾಡಿಸುವುದು ಒಳ್ಳೆಯದು. ಮಷೀನ್ ಕೊಡುವ ಅತಿ ಸಣ್ಣ ಹನಿ ಒಂದೇ ಅಳತೆಯದ್ದು, ಅದರ ತಪ್ಪು ದೊಡ್ಡ ಡಬ್ಬದಲ್ಲಿ ಹಂಚಿಹೋಗುತ್ತದೆ. ಎರಡು ಡಬ್ಬ ಬೇಕಾದರೆ ಎರಡನ್ನೂ ದೊಡ್ಡ ಬಕೆಟಿಗೆ ಸುರಿದು ಕಲಸಿ.

ಉತ್ತರ (ಪೇಂಟಿಂಗ್ ಗುತ್ತಿಗೆದಾರರು): ಫಿನಿಷ್ ಬಗ್ಗೆಯೂ ಹೇಳಿಬಿಡುತ್ತೇನೆ. ಹಳೆಯದು ಮ್ಯಾಟ್ (ಹೊಳಪಿಲ್ಲದ್ದು), ಹೊಸದು ಶೀನ್ (ಹೊಳಪಿನದ್ದು) ಆದರೆ ಅದೇ ಬಣ್ಣವೂ ಗಾಢವಾಗಿ ಕಾಣುತ್ತದೆ. ಹಳೆ ಗೋಡೆಯನ್ನು ಕಿಟಕಿ ಬೆಳಕಿಗೆ ಓರೆಯಾಗಿ ನೋಡಿ, ಹೊಳಪು ಎಷ್ಟಿದೆ ಅಂತ ತಿಳಿಯುತ್ತದೆ. ಹಳೆಯದು ರೋಲರಿನದ್ದಾದರೆ ಹೊಸದೂ ರೋಲರಿನದ್ದೇ ಆಗಲಿ. ಹೊಸ ಪೇಂಟನ್ನು ಮೂಲೆಯ ಗೆರೆಯಲ್ಲೇ ನಿಲ್ಲಿಸಿ, ಮಾಸ್ಕಿಂಗ್ ಟೇಪ್ ಅಂಟಿಸಿಕೊಂಡು. ಮೂಲೆಯಲ್ಲಿ ಎರಡೂ ಗೋಡೆಗೆ ಬೆಳಕು ಬೇರೆ ಕೋನದಿಂದ ಬೀಳುವುದರಿಂದ ಸಣ್ಣ ವ್ಯತ್ಯಾಸ ಅಲ್ಲಿ ಕಾಣುವುದಿಲ್ಲ. ಅದೇ ಪೇಂಟನ್ನು ಹಳೆ ಗೋಡೆಯ ನಡುವೆ ಪ್ಯಾಚ್ ಹಾಕಲು ಬಳಸಿದರೆ ಡೆಲ್ಟಾ ಇ ಎಷ್ಟು ಚೆನ್ನಾಗಿದ್ದರೂ ಕಲೆ ಉಳಿಯಬಹುದು.