ಸಹಿ ಹಾಕುವ ಮುಂಚೆ

ಚಿಕ್ಕಮ್ಮ: (ಒಪ್ಪಿಗೆ ಪತ್ರದ ಫೋಟೋಗಳು) ಹೊಸ ಕ್ಯಾನ್ಸರ್ ಔಷಧಿಯನ್ನು ಜನರ ಮೇಲೆ ಪರೀಕ್ಷಿಸುವ ಈ ಟ್ರಯಲ್‌ಗೆ ಸೇರುತ್ತೀರಾ ಅಂತ ಡಾಕ್ಟರು ಕೇಳಿದ್ದಾರೆ. ಇನ್ನೂ ಸಹಿ ಹಾಕಿಲ್ಲ. ಎಲ್ಲರೂ ಓದಿ ಹೇಳಿ.

ಮಾಮ: ಓದೋದೇನು ಬಂತು? ಬೇಡ ಅಷ್ಟೇ. ಅರ್ಧ ಜನಕ್ಕೆ ಔಷಧಿಯೇ ಇಲ್ಲದ ಮಾತ್ರೆ ಅಂತ ಅಲ್ಲೇ ಬರೆದಿದೆ. ಕ್ಯಾನ್ಸರ್ ಇಟ್ಟುಕೊಂಡು ಅದನ್ನು ನುಂಗುತ್ತಾ ಕೂರಬೇಕಾ?

ದೊಡ್ಡಮ್ಮ: ನನಗೂ ಅದೇ ಭಯ ಕಣೇ.

ನಾನು: ಮಾಮ, ಆ ಪುಟ ಪೂರ್ತಿ ಓದಿ. ಬಿ ಗುಂಪಿಗೆ ಬಿದ್ದರೂ ಚಿಕ್ಕಮ್ಮನಿಗೆ ಈಗ ಕೊಡಬೇಕಾದ ಹಾರ್ಮೋನ್ ಚಿಕಿತ್ಸೆ ಸಿಕ್ಕೇ ಸಿಗುತ್ತದೆ. ಅದರ ಮೇಲೆ ಇನ್ನೊಂದು ಮಾತ್ರೆ. ಎ ಗುಂಪಿಗೆ ಹೊಸ ಔಷಧಿ, ಬಿ ಗುಂಪಿಗೆ ಪ್ಲಸಿಬೊ, ಅಂದರೆ ನೀವು ಹೇಳಿದ ಔಷಧಿಯಿಲ್ಲದ ಮಾತ್ರೆ. ಇರುವ ಚಿಕಿತ್ಸೆಯನ್ನು ಯಾರಿಗೂ ತಪ್ಪಿಸುತ್ತಿಲ್ಲ.

ಮಾಮ: ಹೊಸದು ಅಷ್ಟು ಒಳ್ಳೆಯದಾದರೆ ನೇರವಾಗಿ ಕೊಡಲಿ. ಯಾರು ಯಾವ ಗುಂಪಿಗೆ ಅಂತ ಕಂಪ್ಯೂಟರ್ ಚೀಟಿ ಎತ್ತೋದು ಯಾಕೆ?

ನಾನು: ಒಳ್ಳೆಯದೋ ಅಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ, ಅದಕ್ಕೇ. 1990ರ ದಶಕದಲ್ಲಿ ಸ್ತನ ಕ್ಯಾನ್ಸರ್‌ಗೆ ಭಾರೀ ಡೋಸ್ ಕೀಮೋ ಕೊಟ್ಟು, ಆಮೇಲೆ ಮೂಳೆ ಮಜ್ಜೆ ಕಸಿ ಮಾಡುತ್ತಿದ್ದರು. ಅಮೆರಿಕದಲ್ಲಿ ಸಾವಿರಾರು ಹೆಂಗಸರು ಟ್ರಯಲ್‌ಗೆ ಸೇರದೆ ನೇರವಾಗಿ ಮಾಡಿಸಿಕೊಂಡರು. ಟ್ರಯಲ್‌ಗಳಿಗೆ ಜನ ಸಿಗದೆ ಉತ್ತರವೇ ತಡವಾಯಿತು. 1999ರಲ್ಲಿ ಫಲಿತಾಂಶ ಬಂದಾಗ ನೋಡಿದರೆ, ದೊಡ್ಡ ಟ್ರಯಲ್‌ಗಳಲ್ಲಿ ಮಾಮೂಲಿ ಕೀಮೋಗಿಂತ ಜಾಸ್ತಿ ಬದುಕಿದ್ದೇನೂ ಕಾಣಲಿಲ್ಲ. ಅಷ್ಟರಲ್ಲಿ ಆ ಚಿಕಿತ್ಸೆಯಿಂದಲೇ ಕೆಲವರು ತೀರಿಕೊಂಡಿದ್ದರು. ಅದೇ ಕಾಲದ ಟ್ರಸ್ಟುಜುಮಾಬ್ ಅನ್ನುವ ಸ್ತನ ಕ್ಯಾನ್ಸರ್ ಔಷಧಿ 469 ಹೆಂಗಸರ ಟ್ರಯಲ್‌ನಲ್ಲಿ ಗೆದ್ದಿತು, 1998ರಲ್ಲಿ ಅನುಮತಿ ಸಿಕ್ಕಿತು. ಹರ್-2 ಪಾಸಿಟಿವ್ ಇದ್ದವರಿಗೆ, ಅಂದರೆ ಗೆಡ್ಡೆಯಲ್ಲಿ ಹರ್-2 ಅನ್ನುವ ಪ್ರೋಟೀನ್ ಜಾಸ್ತಿ ಇರುವವರಿಗೆ, ಇವತ್ತೂ ಅದನ್ನು ಕೊಡುತ್ತಾರೆ. ಎರಡರ ಮೇಲೂ ಮೊದಲು ಜನರಿಗೆ ಆಸೆ ಇತ್ತು. ಹೋಲಿಸಿ ನೋಡದೆ ಯಾವುದು ಯಾವುದು ಅಂತ ಹೇಗೆ ತಿಳಿಯಬೇಕು?

ದೊಡ್ಡಮ್ಮ: ಯಾವ ಮಾತ್ರೆ ಕೊಟ್ಟಿದ್ದಾರೆ ಅಂತ ಡಾಕ್ಟರಿಗೂ ಗೊತ್ತಿರಲ್ವಂತೆ. ರಾತ್ರಿ ಏನಾದರೂ ಆದರೆ?

ಅಕ್ಕ: ತುರ್ತು ಅಂದರೆ ಯಾವ ಮಾತ್ರೆ ಅಂತ ಗುಟ್ಟಾಗಿಟ್ಟ ಕೋಡ್ ತೆಗೆದು ನೋಡುತ್ತಾರೆ ದೊಡ್ಡಮ್ಮ. ಅದಕ್ಕೆ ನಂಬರ್ ಕೊಟ್ಟಿದ್ದಾರೆ. ಆದರೆ ಮಾಮನ ಅನುಮಾನ ಸುಮ್ನೆ ಬಂದದ್ದಲ್ಲ. 7ನೇ ಪುಟ ಯಾರಾದರೂ ನೋಡಿದಿರಾ? ಇನ್ನೊಂದು ಬಯಾಪ್ಸಿ, ಅಂದರೆ ಪರೀಕ್ಷೆಗೆ ಮೈಯಿಂದ ಒಂದು ಚೂರು ತೆಗೆಯೋದು, ಬೇಕಂತೆ. ಹಿಂದಿನ ಸಲ ಚಿಕ್ಕಮ್ಮ ಎಷ್ಟು ದಿನ ಕೈ ಮೇಲೆತ್ತಿ ತಲೆ ಬಾಚೋಕಾಗದೆ ಒದ್ದಾಡಿದ್ದು ನಾನು ನೋಡಿದ್ದೇನೆ. ಬಿಳಿ ರಕ್ತಕಣ ಇಳಿಯಬಹುದು ಅಂತ ಪದೇ ಪದೇ ರಕ್ತ ಪರೀಕ್ಷೆ ಬೇರೆ. ಹೊಸ ಮಾತ್ರೆಯಿಂದ ತೊಂದರೆಯಾಗಿ ಅಡ್ಮಿಟ್ ಆದರೆ ಖರ್ಚು ಯಾರದು ಅನ್ನೋದು ನನಗಂತೂ ಸ್ಪಷ್ಟವಾಗಲಿಲ್ಲ.

ಮಾಮ: ನೋಡಿದೆಯಾ? ಇದನ್ನೇ ನಾನು ಹೇಳೋದು.

ನಾನು: ಅದು ಕೇಳಲೇಬೇಕಾದ ಪ್ರಶ್ನೆ, ಒಪ್ಪುತ್ತೇನೆ. ಆದರೆ ಕೇಳದೆಯೇ ಬೇಡ ಅನ್ನೋದು ಸರಿಯಲ್ಲ ಮಾಮ.

ಚಿಕ್ಕಮ್ಮ: ಅಣ್ಣ, ನೀನು ನನ್ನ ಮೇಲಿನ ಪ್ರೀತಿಗೆ ಹೇಳುತ್ತೀಯ, ಗೊತ್ತು. ಆದರೆ ಮೈ ನನ್ನದು. ಯಾವಾಗ ಬೇಕಾದರೂ ಬಿಟ್ಟು ಬರಬಹುದು, ಬಿಟ್ಟರೂ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ ಅಂತ ಬರೆದಿದ್ದಾರೆ. ಅದನ್ನು ಓದಿದ ಮೇಲೆ ನನಗೆ ಸೇರುವ ಮನಸ್ಸಾಗಿದೆ. ಬಯಾಪ್ಸಿ ಕಡ್ಡಾಯವಾ, ಹಳೆಯ ಸ್ಯಾಂಪಲ್ ಸಾಕಾಗಲ್ವಾ ಅಂತ ಕೇಳುತ್ತೇನೆ. ಖರ್ಚಿನ ವಿಷಯ ಬಾಯಿಮಾತಲ್ಲಿ ಬೇಡ, ಯಾವ ಪುಟದಲ್ಲಿದೆ ತೋರಿಸಿ ಅನ್ನುತ್ತೇನೆ. ಆಮೇಲೆ ಸಹಿ. ಶುಕ್ರವಾರ ನೀನೂ ಜೊತೆಗೆ ಬಾ.

ಮಾಮ: ನನಗಿನ್ನೂ ಮನಸ್ಸಿಲ್ಲ. ಬರುತ್ತೇನೆ. ಎಷ್ಟು ಗಂಟೆಗೆ?