ಸಹಾಯ ಬೇಕು: ಹೊಸ ಲ್ಯಾಪ್‌ಟಾಪ್‌ನಲ್ಲಿ ಕ್ಸಾಂಪ್‌ನ ಮೈಎಸ್‌ಕ್ಯೂಎಲ್ ಶುರುವಾಗಿ ತಕ್ಷಣ ಬಿದ್ದುಹೋಗ್ತಿದೆ

ನಮಸ್ಕಾರ. ಕ್ಸಾಂಪ್ (ವೆಬ್ ಸರ್ವರ್, ಡೇಟಾಬೇಸ್ ಒಟ್ಟಿಗೆ ಬರೋ ಪ್ಯಾಕೇಜ್) ಒಳಗಿರೋದು ಅಂಗಡಿಯ ಬಿಲ್ಲಿಂಗ್ ಡೇಟಾ, ಕಳ್ಕೊಳ್ಳೋ ಹಾಗೇ ಇಲ್ಲ. ಹಳೇ ಲ್ಯಾಪ್‌ಟಾಪ್ ಬೋರ್ಡ್ ಹೋಗಿದೆ, ಡಿಸ್ಕ್ ಚೆನ್ನಾಗಿದೆ. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಯುಎಸ್‌ಬಿ ಕೇಸ್ ತಂದು ಹಾಕಿ ಓದ್ತಿದೀನಿ. ಅಂದ್ರೆ ಡಂಪ್ (ಡೇಟಾಬೇಸ್‌ನಿಂದ ತೆಗೆದಿಟ್ಟ ಬ್ಯಾಕಪ್ ಫೈಲ್) ಇಲ್ಲ, ಇರೋದು ಡೇಟಾ ಫೋಲ್ಡರ್ ಮಾತ್ರ.

ಕ್ಸಾಂಪ್‌ನಲ್ಲಿ ಮೈಎಸ್‌ಕ್ಯೂಎಲ್ ಅಂತ ಕಾಣ್ಸೋದು ನಿಜಕ್ಕೂ ಮರಿಯಾಡಿಬಿ; ಹಳೇದರಲ್ಲಿ 10.1, ಹೊಸದರಲ್ಲಿ 10.4. ಡೇಟಾಬೇಸ್ ಫೋಲ್ಡರ್ ಒಂದನ್ನೇ ಹಾಕಿದ್ರೆ ಟೇಬಲ್ ಹೆಸರು ಕಾಣ್ಸುತ್ತೆ, ತೆರೆದ್ರೆ ಎರರ್ 1932 (ಟೇಬಲ್ ಎಂಜಿನ್‌ನಲ್ಲಿ ಇಲ್ಲ). ಎಲ್ಲಾ ಟೇಬಲ್‌ಗಳ ಮಾಹಿತಿ ಇರೋ ಐಬಿಡೇಟಾ1 ಫೈಲ್ ಕೂಡ ಹಾಕಿದ್ರೆ ಕ್ಸಾಂಪ್ ಪ್ಯಾನೆಲ್‌ನಲ್ಲಿ ಮೈಎಸ್‌ಕ್ಯೂಎಲ್ ಹಸಿರಾಗಿ ತಕ್ಷಣ ಬಿದ್ದುಹೋಗುತ್ತೆ. ಎರರ್ ಲಾಗಲ್ಲಿ ಲಾಗ್ ಸೀಕ್ವೆನ್ಸ್ ನಂಬರ್ (ಬದಲಾವಣೆಗಳ ಕ್ರಮಸಂಖ್ಯೆ) ‘ಇನ್ ದ ಫ್ಯೂಚರ್’ ಅಂತಿದೆ. ಮೈಎಸ್‌ಕ್ಯೂಎಲ್ ಬಳಸೋ ಪೋರ್ಟ್ 3306 ಖಾಲಿನೇ ಇದೆ, ನೆಟ್‌ಸ್ಟ್ಯಾಟ್‌ನಲ್ಲಿ ನೋಡಿದೆ.

ಆಮೇಲೆ ಅದೇ ರಚನೆಯ ಖಾಲಿ ಟೇಬಲ್ ಮಾಡಿ, ಡಿಸ್ಕಾರ್ಡ್ ಟೇಬಲ್‌ಸ್ಪೇಸ್ ಕೊಟ್ಟು (ಅದರ ಖಾಲಿ ಡೇಟಾ ಫೈಲ್ ತೆಗೆಸಿ), ಟೇಬಲ್‌ನ ಡೇಟಾ ಇರೋ ಹಳೇ ಐಬಿಡಿ ಫೈಲ್ ಇಟ್ಟು ಇಂಪೋರ್ಟ್ ಮಾಡಿದೆ. ಎರರ್ 1808: ರೋ ಫಾರ್ಮ್ಯಾಟ್ (ಸಾಲುಗಳನ್ನ ಫೈಲಲ್ಲಿ ಇಡೋ ರೀತಿ) ಹೊಂದ್ತಿಲ್ಲ. 10.1ರ ಡಿಫಾಲ್ಟ್ ಕಾಂಪ್ಯಾಕ್ಟ್, ಈಗಿನದು ಡೈನಾಮಿಕ್. ರೋ ಫಾರ್ಮ್ಯಾಟ್ ಕಾಂಪ್ಯಾಕ್ಟ್ ಅಂತ ಬರೆದು ಮಾಡಿದಾಗ ಗ್ರಾಹಕರ ಟೇಬಲ್ ಪೂರ್ತಿ ಬಂತು! ಬಿಲ್ ಟೇಬಲ್‌ಗೆ ಫಾರಿನ್ ಕೀ (ಇನ್ನೊಂದು ಟೇಬಲ್‌ಗೆ ಜೋಡಿಸೋ ಕೊಂಡಿ) ಇದೆ, ಅಲ್ಲೇ ಸಿಕ್ಕಿಹಾಕ್ಕೊಂಡಿದೀನಿ. ಕೆಟ್ಟ ಡೇಟಾಬೇಸನ್ನ ಬಲವಂತವಾಗಿ ಶುರುಮಾಡೋ ಫೋರ್ಸ್ ರಿಕವರಿ ಸೆಟ್ಟಿಂಗನ್ನ 4ಕ್ಕೆ ಏರಿಸಿದ್ರೆ ಡೇಟಾನೇ ಕೆಡಬಹುದು, ಅದಕ್ಕೇ ಮುಟ್ಟಿಲ್ಲ.

ಗೊತ್ತಿರೋರು ಹೇಳಿ: ಫಾರಿನ್ ಕೀ ಬಿಟ್ಟು ಟೇಬಲ್ ಮಾಡಿ, ಎಲ್ಲಾ ಇಂಪೋರ್ಟ್ ಆದ್ಮೇಲೆ ಕೀ ಸೇರಿಸೋದಾ? ಇಲ್ಲಾ 10.1ನ್ನೇ ಹಾಕಿ, ಐಬಿಡೇಟಾ1 ಮತ್ತು ಎರಡೂ ಐಬಿ ಲಾಗ್‌ಫೈಲ್ (ಬದಲಾವಣೆಗಳ ದಾಖಲೆ) ಸೇರಿ ಪೂರ್ತಿ ಫೋಲ್ಡರ್ ಇಟ್ಟು ಡಂಪ್ ತೆಗೆಯೋದಾ? ಯಾವುದು ಸುರಕ್ಷಿತ?