ಮನೆಯಲ್ಲಿ ಹಂದಿ ಇದೆ, ಹೆಂಡತಿ ಬಸುರಿ: ಎಚ್1ಎನ್1 ಲಸಿಕೆ ಹಾಕಿಸಬೇಕಾ?

ಕೇಳಿದವರು, ಸೋಮವಾರಪೇಟೆ ಕಡೆ

ಅಪ್ಪ ಮನೆ ಹಿಂದೆ ಕೆಲವು ಹಂದಿ ಸಾಕಿದ್ದಾರೆ. ಅಪ್ಪನಿಗೆ 68 ವರ್ಷ, ಶುಗರ್ ಇದೆ. ಹೆಂಡತಿಗೆ ಈಗ ಐದು ತಿಂಗಳು. ಪಕ್ಕದ ಊರಲ್ಲಿ ಒಬ್ಬರಿಗೆ ಎಚ್1ಎನ್1, ಅದೇ ಹಂದಿ ಜ್ವರ ಅಂತಾರಲ್ಲ, ಬಂದಿದೆ ಅಂತ ಗೊತ್ತಾದಾಗಿನಿಂದ ಮಾವನ ಮನೆಯವರು ಒಂದೇ ಹಟ. ಹಂದಿ ಮಾರಿ, ಇಲ್ಲಾಂದ್ರೆ ಮಗಳನ್ನ ಕರ್ಕೊಂಡು ಹೋಗ್ತೀವಿ ಅಂತಾರೆ. ಹಂದಿಗೆ ಲಸಿಕೆ ಇದೆಯಾ? ನಾವು ಹಾಕಿಸಿಕೊಂಡರೆ ಪ್ರಯೋಜನ ಇದೆಯಾ, ಅಥವಾ ಸುಮ್ನೆ ದುಡ್ಡು ದಂಡವಾ? ಗೊತ್ತಿರುವವರು ಹೇಳಿ.

ಪಶು ಆಸ್ಪತ್ರೆಯಲ್ಲಿದ್ದು ನಿವೃತ್ತರಾದವರು

ಮೊದಲು ಹಂದಿ ಮಾರುವ ಯೋಚನೆ ಬಿಡಿ. 2009ರಲ್ಲಿ ಈಜಿಪ್ಟ್ ಸರ್ಕಾರ ಇದೇ ಭಯಕ್ಕೆ ದೇಶದ ಹಂದಿಗಳನ್ನೆಲ್ಲ ಕೊಲ್ಲಿಸಿತು. ಸುಮಾರು 3 ಲಕ್ಷ. ಆದೇಶ ಹೊರಟಾಗ ಅಲ್ಲಿ ಒಬ್ಬರಿಗೂ ಈ ಜ್ವರ ಬಂದಿರಲಿಲ್ಲ. ಹಂದಿ ಹೋದ ಮೇಲೆ ಜ್ವರ ಬಂದೇ ಬಂತು. ಕೈರೋದಲ್ಲಿ ಎಂಜಲು ತಿನ್ನಲು ಹಂದಿಗಳಿಲ್ಲದೆ ಬೀದಿಯಲ್ಲಿ ಕಸ ಕೊಳೆತಿದ್ದೊಂದೇ ಲಾಭ.

ವೈರಸ್ಸಿನ ಮೂಲ ಹಂದಿ ಅನ್ನೋದು ನಿಜ. ಹಕ್ಕಿಯ ಫ್ಲೂ, ಮನುಷ್ಯರ ಫ್ಲೂ ಎರಡೂ ಹಂದಿಯ ಉಸಿರಾಟದ ನಾಳಕ್ಕೆ ಅಂಟುತ್ತವೆ. ಒಂದೇ ಹಂದಿಗೆ ಎರಡೂ ತಗುಲಿದರೆ ಒಳಗೆ ಬೆರೆತು ಹೊಸ ವೈರಸ್ ಹುಟ್ಟಬಹುದು. ಹೀಗೆ ಬೆರೆತು ಬಂದದ್ದೇ 2009ರ ಏಪ್ರಿಲ್‌ನಲ್ಲಿ ಮೆಕ್ಸಿಕೋ, ಅಮೆರಿಕದಲ್ಲಿ ಕಾಣಿಸಿತು. ಆದರೆ ಆಮೇಲಿಂದ ಅದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಮಾಮೂಲಿ ಫ್ಲೂ. ನಿಮ್ಮ ಪಕ್ಕದ ಊರಿನವರಿಗೂ ಬಹುಶಃ ಬಸ್ಸಲ್ಲೋ ಮದುವೆ ಮನೆಯಲ್ಲೋ ಅಂಟಿರುತ್ತೆ. ಹಂದಿಗೂಡಿಂದ ಬಂದಿರುವ ಸಾಧ್ಯತೆ ತೀರಾ ಕಡಿಮೆ.

ಉಲ್ಟಾ ಹೋಗೋದೂ ಉಂಟು. ನಾರ್ವೆಯ ಹಂದಿಗಳಲ್ಲಿ 2009ರ ತನಕ ಫ್ಲೂ ಇರಲೇ ಇಲ್ಲ. ಆ ವರ್ಷ ಜನರಿಂದ ಅವಕ್ಕೆ ತಗುಲಿತು. ಹಾಗಾಗಿ ಮನೆಯಲ್ಲಿ ಯಾರಿಗಾದರೂ ಜ್ವರ ಕೆಮ್ಮು ಇದ್ದರೆ ಅವರು ಗೂಡಿನ ಕಡೆ ಹೋಗಬಾರದು.

ಹಂದಿಗೆ ಫ್ಲೂ ಲಸಿಕೆ ಅಮೆರಿಕ, ಯೂರೋಪಿನ ದೊಡ್ಡ ಫಾರಂಗಳಲ್ಲಿ ಹಾಕುತ್ತಾರೆ. ನಮ್ಮಲ್ಲಿ ಆ ರೂಢಿ ಇಲ್ಲ, ನಿಮಗೆ ಅದರ ಅಗತ್ಯವೂ ಕಾಣಿಸಲ್ಲ. ನಿಮ್ಮ ಹಂದಿಗಳಿಗೆ ಬೇಕಾಗಿರೋದು ಕ್ಲಾಸಿಕಲ್ ಸ್ವೈನ್ ಫೀವರ್ ಲಸಿಕೆ. ಅದು ಬೇರೆಯೇ ರೋಗ, ಮನುಷ್ಯರಿಗೆ ಬರಲ್ಲ. ಗೂಡಿಗೆ ಹೊಕ್ಕರೆ ಮಾತ್ರ ಮರಿಗಳನ್ನೆಲ್ಲ ಗುಡಿಸಿಕೊಂಡು ಹೋಗುತ್ತೆ. ನಿಮ್ಮ ಪಶು ಆಸ್ಪತ್ರೆಯಲ್ಲಿ ಅದನ್ನೇ ಹೆಸರು ಹೇಳಿ ಕೇಳಿ.

ಹಂದಿ ಸಾಕಣೆದಾರರು, ಹಾಸನ ಜಿಲ್ಲೆ

ಸಾರ್ ಹೇಳಿದ್ದು ಸರಿ. ನಮ್ಮ ಗೂಡಿಗೆ ಒಂದು ಸಲ ಫ್ಲೂ ಥರದ್ದು ಬಂದಿತ್ತು. ಸಂಜೆ ನೆಟ್ಟಗಿದ್ದವು, ಬೆಳಗ್ಗೆ ಬೂಸಾ ಹಾಕಿದರೆ ಒಂದೂ ಎದ್ದು ಬರಲಿಲ್ಲ. ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಮೂಗಲ್ಲಿ ಸಿಂಬಳ. ಎಬ್ಬಿಸಿದರೆ ನಾಯಿ ಬೊಗಳಿದ ಹಾಗೆ ಕೆಮ್ಮು. ಒಂದು ವಾರದೊಳಗೆ ಮತ್ತೆ ತಿನ್ನೋಕೆ ಶುರು ಮಾಡಿದವು, ಒಂದೂ ಸಾಯಲಿಲ್ಲ. ಡಾಕ್ಟ್ರು ನೀರು ಕೊಡಿ, ಗಾಳಿ ಆಡೋ ಹಾಗೆ ನೋಡ್ಕೊಳ್ಳಿ, ಓಡಿಸಬೇಡಿ ಅಂದ್ರು. ಅಷ್ಟೇ.

ನನಗೆ ನಿಜವಾದ ಭಯ ಆಫ್ರಿಕನ್ ಹಂದಿ ಜ್ವರದ್ದು. ಅದು ಫ್ಲೂ ಅಲ್ಲ, ಬೇರೆಯೇ ರೋಗ. 2020ರಲ್ಲಿ ಅಸ್ಸಾಂ ಕಡೆ ಬಂತು, 2022ರಲ್ಲಿ ನಿಮ್ಮ ಕೊಡಗಿನ ಪಕ್ಕದ ವಯನಾಡಿಗೂ ಬಂತು. ಅದಕ್ಕೆ ನಮ್ಮಲ್ಲಿ ಲಸಿಕೆ ಇಲ್ಲ. ಜನರಿಗೆ ಅಂಟಲ್ಲ, ಆದರೆ ಹಂದಿ ಬದುಕೋದು ಕಷ್ಟ. ಅದಕ್ಕೇ ನಾನು ಹೋಟೆಲ್ ಮುಸುರೆ ತಂದರೆ ಕುದಿಸದೆ ಹಾಕಲ್ಲ. ವ್ಯಾಪಾರಿಗಳನ್ನ ಗೂಡಿನೊಳಗೆ ಬಿಡಲ್ಲ. ಹೊಸ ಮರಿ ತಂದರೆ ಬೇರೆ ಕಟ್ಟಿ ನೋಡ್ತೀನಿ. ಯಾವ ರೋಗಕ್ಕಾದರೂ ಇದು ಆಗುತ್ತೆ ಅಣ್ಣ. ಅಂದಹಾಗೆ ನಿಮ್ಮ ಮಾವನ ಮನೆಯವರು ಪಂದಿ ಕರಿ ತಿನ್ನೋದು ಬಿಟ್ಟಿದ್ದಾರಾ, ಕೇಳಿ!

ಸ್ಟಾಫ್ ನರ್ಸ್, ಮೈಸೂರು

ಬೆಂದ ಮಾಂಸದಿಂದ ಈ ಜ್ವರ ಬರಲ್ಲ, ಪಂದಿ ಕರಿ ಧಾರಾಳವಾಗಿ ತಿನ್ನಲಿ. ಈಗ ಮನುಷ್ಯರ ವಿಷಯ.

'ಹಂದಿ ಜ್ವರದ ಲಸಿಕೆ' ಅಂತ ಬೇರೆ ಹುಡುಕಬೇಡಿ. ಪ್ರತಿ ವರ್ಷದ ಮಾಮೂಲಿ ಫ್ಲೂ ಲಸಿಕೆಯಲ್ಲೇ ಎಚ್1ಎನ್1 ಇದೆ, ಜೊತೆಗೆ ಎಚ್3ಎನ್2 ಮತ್ತು ಬಿ ಅನ್ನುವ ಬೇರೆ ಫ್ಲೂ ವೈರಸ್‌ಗಳದ್ದೂ ಇದೆ. ಸರ್ಕಾರದ ಮಾಮೂಲಿ ಲಸಿಕಾ ಪಟ್ಟಿಯಲ್ಲಿ ಇದಿಲ್ಲ, ಹಾಗಾಗಿ ಸಾಮಾನ್ಯವಾಗಿ ಖಾಸಗಿಯಲ್ಲೇ ಹಾಕಿಸಬೇಕು. ಸುಮಾರು ಒಂದೂವರೆ, ಎರಡು ಸಾವಿರ ಆಗುತ್ತೆ. ಎಲ್ಲರಿಗೂ ಹಾಕಿಸಲು ಕೈಲಾಗದಿದ್ದರೆ ಮೊದಲು ನಿಮ್ಮ ಹೆಂಡತಿ, ಆಮೇಲೆ ಅಪ್ಪ. ನೀವು ಕೊನೆ.

ಹೆಂಡತಿ ಯಾಕೆ ಮೊದಲು? ಬಸುರಿಯರಿಗೆ ಫ್ಲೂ ಬಂದರೆ ನ್ಯುಮೋನಿಯಾಕ್ಕೆ ತಿರುಗುವುದು ಜಾಸ್ತಿ. ಇನ್ನೊಂದು ಕಾರಣ ಮಗು. ಆರು ತಿಂಗಳು ತುಂಬುವ ತನಕ ಕೂಸಿಗೆ ಈ ಲಸಿಕೆ ಹಾಕುವ ಹಾಗಿಲ್ಲ. ತಾಯಿ ಹಾಕಿಸಿಕೊಂಡರೆ ಆ ರಕ್ಷಣೆ ಹೊಟ್ಟೆಯಲ್ಲಿರುವಾಗಲೇ ಮಗುವಿಗೂ ಹೋಗುತ್ತೆ. ಯಾವ ತಿಂಗಳಲ್ಲಾದರೂ ಕೊಡಬಹುದು. ಸೂಜಿಯದ್ದೇ ಆಗಬೇಕು, ಮೂಗಿಗೆ ಬಿಡುವುದು ಬೇಡ. ಅವರನ್ನು ನೋಡುವ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

ತೋಳು ಒಂದೆರಡು ದಿನ ನೋಯುತ್ತೆ, ಮೈ ಸ್ವಲ್ಪ ಬಿಸಿಯಾಗಬಹುದು. ಸೂಜಿ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಅದರಿಂದ ಫ್ಲೂ ಬರಲ್ಲ.

ದಾವಣಗೆರೆಯಿಂದ

ನಾನು ಹಾಕಿಸಿಕೊಂಡಿದ್ದೆ. ಅದೇ ವರ್ಷ ಜ್ವರ ಬಂದು ಮಲಗಿದೆ. ಸಿಸ್ಟರ್, ಇದಕ್ಕೇನು ಹೇಳ್ತೀರಿ? ಅಮೆರಿಕದಲ್ಲಿ 1976ರಲ್ಲಿ ಹಂದಿ ಜ್ವರ ಅಂತ ಹೆದರಿಸಿ ಎಲ್ಲರಿಗೂ ಚುಚ್ಚಿ, ಆಮೇಲೆ ಜನರಿಗೆ ಪಾರ್ಶ್ವವಾಯು ಥರ ಆಗಿ ನಿಲ್ಲಿಸಿದ್ದು ಸುಳ್ಳಾ?

ಸ್ಟಾಫ್ ನರ್ಸ್, ಮೈಸೂರು

ಸುಳ್ಳಲ್ಲ ಸಾರ್. ಫೋರ್ಟ್ ಡಿಕ್ಸ್ ಸೇನಾ ಶಿಬಿರದಲ್ಲಿ ಕೆಲವರಿಗೆ ಜ್ವರ ಬಂತು. ಸರ್ಕಾರ ಗಾಬರಿಯಾಗಿ 4 ಕೋಟಿಗೂ ಹೆಚ್ಚು ಜನಕ್ಕೆ ಲಸಿಕೆ ಹಾಕಿಸಿತು. ಕಾಯಿಲೆ ಹರಡಲೇ ಇಲ್ಲ. ಲಕ್ಷಕ್ಕೆ ಸುಮಾರು ಒಬ್ಬರಿಗೆ ಗಿಲನ್ ಬಾರೇ ಅನ್ನುವ ನರದ ತೊಂದರೆ ಬಂತು, ಡಿಸೆಂಬರ್‌ನಲ್ಲಿ ನಿಲ್ಲಿಸಿದರು. ಈಗಿನ ಲಸಿಕೆಗಳಲ್ಲಿ ಆ ಅಪಾಯ ಇದ್ದರೂ ಹತ್ತು ಲಕ್ಷಕ್ಕೆ ಒಂದೆರಡು. ಹಿಂದೆ ಆ ತೊಂದರೆ ಬಂದವರು ಮಾತ್ರ ಡಾಕ್ಟರಿಗೆ ಅದನ್ನು ಮೊದಲೇ ಹೇಳಬೇಕು.

ನಿಮ್ಮ ಜ್ವರದ ಬಗ್ಗೆ: ಎಲ್ಲ ಜ್ವರವೂ ಫ್ಲೂ ಅಲ್ಲ. ಫ್ಲೂ ಆಗಿದ್ದರೂ, ಲಸಿಕೆ ಚೆನ್ನಾಗಿ ಹೊಂದಿದ ವರ್ಷದಲ್ಲೂ ಡಾಕ್ಟರ ಹತ್ತಿರ ಓಡುವಂಥ ಕಾಯಿಲೆಯನ್ನು ತಗ್ಗಿಸೋದು ನೂರಕ್ಕೆ 40ರಿಂದ 60 ಅಷ್ಟೇ. ನಾನು ಇದನ್ನು ಮುಚ್ಚಿಟ್ಟು ಮಾರಲ್ಲ. ಆಸ್ಪತ್ರೆ ಸೇರುವ ಹಂತಕ್ಕೆ ಹೋಗೋದು ಕಡಿಮೆಯಾಗುತ್ತೆ, ನಾನು ಪ್ರತಿ ವರ್ಷ ಹಾಕಿಸಿಕೊಳ್ಳೋದು ಅದಕ್ಕೇ. ಗಟ್ಟಿಮುಟ್ಟಾದ ಮೂವತ್ತರ ಗಂಡಸು ಬೇಡ ಅಂದರೆ ನಾನು ಜಗಳಕ್ಕೆ ಬರಲ್ಲ.

ಬೆಂಗಳೂರಿನಿಂದ

ಲಸಿಕೆ ಜೊತೆ ಇನ್ನೊಂದು ಮಾತು. ನಮ್ಮಮ್ಮನಿಗೆ ಆಸ್ತಮಾ. ಜ್ವರ ಬಂದಾಗ ಹತ್ತಿರದ ಕ್ಲಿನಿಕ್ಕಿನಲ್ಲಿ ಆಂಟಿಬಯಾಟಿಕ್ ಕೊಟ್ಟು, ಮುಗಿದ ಮೇಲೆ ಬನ್ನಿ ಅಂದ್ರು. ರಾತ್ರಿ ಮಾತಾಡೋಕೆ ಉಸಿರು ಸಾಲದೆ ಅರ್ಧಕ್ಕೆ ನಿಲ್ಲಿಸುತ್ತಿದ್ದರು. ದೊಡ್ಡಾಸ್ಪತ್ರೆಗೆ ಒಯ್ದರೆ ಎಚ್1ಎನ್1. ಆಕ್ಸಿಜನ್ ಹಾಕಿ ಉಳಿಸಿಕೊಂಡ್ರು. ಓಸೆಲ್ಟಾಮಿವಿರ್ ಮಾತ್ರೆ, ಅಂದ್ರೆ ಟ್ಯಾಮಿಫ್ಲೂ, ಮೊದಲ 48 ಗಂಟೆಯೊಳಗೆ ಶುರು ಮಾಡಿದರೆ ಜಾಸ್ತಿ ಕೆಲಸ ಮಾಡುತ್ತೆ ಅಂತ ಅಲ್ಲಿ ಹೇಳಿದ್ದು. ಬಸುರಿಯರು, ವಯಸ್ಸಾದವರು, ಶುಗರ್ ಆಸ್ತಮಾ ಇರುವವರಿಗೆ ಟೆಸ್ಟ್ ವರದಿಗೆ ಕಾಯದೆ ಕೊಡಬಹುದಂತೆ, ಸರ್ಕಾರದ ಸೂಚನೆಯಲ್ಲೇ ಹಾಗಿದೆ. ಡಾಕ್ಟರ್ ಚೀಟಿ ಬೇಕು. ಎದೆನೋವು, ಏದುಸಿರು, ಕಫದಲ್ಲಿ ರಕ್ತ, ಮಂಪರು, ಉಗುರು ನೀಲಿ ಆಗೋದು ಕಂಡರೆ ನೇರ ಆಸ್ಪತ್ರೆಗೆ.

ಕೇಳಿದವರು, ಸೋಮವಾರಪೇಟೆ ಕಡೆ

ಎಲ್ಲರಿಗೂ ಧನ್ಯವಾದ. ಹಂದಿ ಮಾರಲ್ಲ. ಹೆಂಡತಿಗೂ ಅಪ್ಪನಿಗೂ ಹಾಕಿಸ್ತೀನಿ. ಈಗಲೇ ಹಾಕಿಸಬೇಕಾ, ಮಳೆಗಾಲ ಕಳೆದ ಮೇಲಾ?

ಮೆಡಿಕಲ್ ಶಾಪ್ ನಡೆಸುವವರು, ಕುಶಾಲನಗರ

ಹೆಂಡತಿಗೆ ಈಗಲೇ. ನಮ್ಮಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತೆ, ಜನವರಿಯಿಂದ ಮಾರ್ಚ್ ಒಂದು, ಮಳೆ ಶುರುವಾದ ಮೇಲೆ ಇನ್ನೊಂದು. ಲಸಿಕೆ ಹಾಕಿಸಿ ಎರಡು ವಾರ ಆದ ಮೇಲೆ ರಕ್ಷಣೆ ಬರೋದು. ಅಪ್ಪನಿಗೆ ಮುಂದಿನ ವರ್ಷದಿಂದ ಏಪ್ರಿಲ್, ಮೇ ತಿಂಗಳಲ್ಲಿ, ಮಳೆಗೆ ಮೊದಲು ರೂಢಿ ಮಾಡಿ.

ಕೊಳ್ಳುವಾಗ ಡಬ್ಬಿ ತಿರುಗಿಸಿ ನೋಡಿ. ಯಾವ ವರ್ಷದ್ದು, ಭೂಮಿಯ ದಕ್ಷಿಣಾರ್ಧಗೋಳಕ್ಕೆ ಮಾಡಿದ್ದೋ ಉತ್ತರಾರ್ಧಗೋಳಕ್ಕೆ ಮಾಡಿದ್ದೋ ಅಂತ ಬರೆದಿರುತ್ತೆ. ಹೋದ ವರ್ಷದ ಉಳಿಕೆ ಬೇಡ ಅನ್ನಿ. 2ರಿಂದ 8 ಡಿಗ್ರಿಯಲ್ಲಿ ಇಟ್ಟಿರಬೇಕು. ಫ್ರಿಜ್ಜಿಂದ ತೆಗೆಯದೆ ಕಪಾಟಿಂದ ಕೊಟ್ಟರೆ ತಗೋಬೇಡಿ. ಐಸ್ ಪ್ಯಾಕ್ ಹಾಕಿಸಿಕೊಳ್ಳಿ, ಲಸಿಕೆ ಮಂಜುಗಡ್ಡೆಗೆ ನೇರ ತಾಗದ ಹಾಗೆ ಪೇಪರ್ ಸುತ್ತಿಸಿ. ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಸಣ್ಣ ಊರಲ್ಲಿ ಸ್ಟಾಕ್ ಇರಲ್ಲ, ಎರಡು ದಿನ ಮೊದಲೇ ಹೇಳಿಟ್ಟರೆ ತರಿಸಿ ಕೊಡ್ತಾರೆ.